ಪುಟ್ಟ ಪೆಟ್ಟಿಗೆಗೊಂದು ಅಟ್ಟ

ಬನಹಟ್ಟಿಯ ಆ ಓಣಿಯಲ್ಲಿ ಮಗ್ಗದ ಸಪ್ಪಳ ಕೇಳುತ್ತಿದ್ದರೆ ಯಾರೂ ತಲೆಯೆತ್ತಿ ನೋಡುವುದಿಲ್ಲ. ಸಪ್ಪಳ ನಿಂತರೆ ಮಾತ್ರ ನೆರೆಯವರು ಬಾಗಿಲಿಗೆ ಬರುತ್ತಾರೆ. ಒಂದೋ ಕರೆಂಟ್ ಹೋಗಿರಬೇಕು, ಇಲ್ಲವೆ ಮನೆಯಲ್ಲಿ ಏನಾದರೂ ವಿಶೇಷವಿರಬೇಕು. 2025ರ ಮಾರ್ಚ್ ತಿಂಗಳ ಒಂದು ಮಧ್ಯಾಹ್ನ ಆ ಮನೆಯ ನಾಲ್ಕೂ ಮಗ್ಗಗಳು ಒಟ್ಟಿಗೆ ನಿಂತವು. ಕರೆಂಟ್ ಇತ್ತು. ಮಗಳ ಕಂಪ್ಯೂಟರ್ ಬಂದಿತ್ತು.

ಮಗಳು ಜಮಖಂಡಿಯ ಕಾಲೇಜಿನಲ್ಲಿ ಬಿ.ಸಿ.ಎ. ಎರಡನೆಯ ವರ್ಷ ಓದುತ್ತಿದ್ದಳು. ಕಂಪ್ಯೂಟರ್ ಬರುತ್ತದೆಂದು ಅಪ್ಪ ಮೂಲೆಯಲ್ಲಿದ್ದ ಜೋಳದ ಚೀಲಗಳನ್ನು ಸರಿಸಿ, ಅಗಲವಾದ ಮೇಜು ಹಾಕಿಸಿದ್ದ. ರಟ್ಟಿನ ಪೆಟ್ಟಿಗೆ ಬಿಚ್ಚಿದಾಗ ಹೊರಬಂದದ್ದು ರೊಟ್ಟಿಯ ಡಬ್ಬಿಗಿಂತಲೂ ಚಿಕ್ಕದಾದ ಒಂದು ಚೌಕ ಪೆಟ್ಟಿಗೆ.

"ಇಷ್ಟ ಏನ? ಉಳದದ್ದು ನಾಳೆ ಬರ್ತೈತೇನ?" ಎಂದಳು ಅವ್ವ.

"ಇಷ್ಟ ಅವ್ವಾ. ಎಲ್ಲಾ ಇದರೊಳಗ ಐತಿ" ಎಂದು ಮಗಳು ಹೆಮ್ಮೆಯಿಂದ ಹೇಳಿದಳು. ಆ ಹೆಮ್ಮೆ ಅರ್ಧ ತಾಸು ಉಳಿಯಿತು. ಹಳೆಯ ಕೀಲಿಮಣೆ, ಮೌಸು, ಪ್ರಿಂಟರು, ಸ್ಕ್ಯಾನರು, ನಾಲ್ಕಾರು ಪೆನ್ ಡ್ರೈವುಗಳು ಮೇಜಿನ ಮೇಲೆ ಸಾಲಾಗಿ ಕಾದಿದ್ದವು. ಅವುಗಳ ತಂತಿಯ ಮೂತಿಗಳೆಲ್ಲ ಅಗಲವಾಗಿ ಚಪ್ಪಟೆಯಾಗಿದ್ದವು. ಹೊಸ ಪೆಟ್ಟಿಗೆಯಲ್ಲಿದ್ದದ್ದು ಅಕ್ಕಿಕಾಳಿನ ಆಕಾರದ ಮೂರೇ ಮೂರು ಪುಟ್ಟ ಕಿಂಡಿಗಳು. ಒಂದಕ್ಕೊಂದು ತಾಳೆಯಾಗಲಿಲ್ಲ. ಅಪ್ಪ ಪೆಟ್ಟಿಗೆಯನ್ನು ಕೈಯಲ್ಲಿ ಹಿಡಿದು, ಸುತ್ತಲೂ ತಿರುಗಿಸಿ ನೋಡಿ, "ತೂತ ಭಾಳ ಕಡಿಮಿ ಅದಾವಲ್ಲ ತಂಗಿ" ಎಂದ. ತೂತಿನ ಬೆಲೆ ಅವನಿಗೆ ಗೊತ್ತು. ಅವನ ಮಗ್ಗದ ಮೇಲಿನ ಜಾಕಾರ್ಡ್ ನಡೆಯುವುದೇ ರಟ್ಟಿನಲ್ಲಿ ಹೊಡೆದ ತೂತುಗಳಿಂದ.

ಇಂಥ ಚಿಕ್ಕ ಕಂಪ್ಯೂಟರುಗಳು ತೀರ ಹೊಸವೇನಲ್ಲ. ಆಪಲ್ ಕಂಪನಿ 2005ರಲ್ಲೇ ಸುಮಾರು ಹದಿನಾರೂವರೆ ಸೆಂಟಿಮೀಟರ್ ಚೌಕದ ಮ್ಯಾಕ್ ಮಿನಿಯನ್ನು ತಂದಿತ್ತು. 2024ರಲ್ಲಿ ಬಂದ ಅದರ ಹೊಸ ರೂಪ 12.7 ಸೆಂಟಿಮೀಟರ್ ಚೌಕ, ಐದು ಸೆಂಟಿಮೀಟರ್ ಎತ್ತರ. ಬೇರೆ ಕಂಪನಿಗಳದೂ ಇದೇ ಹಾದಿ. ಪೆಟ್ಟಿಗೆ ಕುಗ್ಗಿದಂತೆ ಕಿಂಡಿಗಳಿಗೆ ಜಾಗ ಕಡಿಮೆಯಾಗುತ್ತದೆ. ಒಳಗೆ ಹೆಚ್ಚು ಸಂಗ್ರಹ ಬೇಕೆಂದರೆ ಬೆಲೆ ಏರುತ್ತದೆ. 2024ರ ಕೊನೆಯಲ್ಲಿ ಭಾರತದಲ್ಲಿ ಮ್ಯಾಕ್ ಮಿನಿಯ 256 ಜಿಬಿ ಮಾದರಿಗೆ 59,900 ರೂಪಾಯಿ ಇದ್ದರೆ 512 ಜಿಬಿಯದಕ್ಕೆ 79,900 ಇತ್ತು. ಬರೀ ಜಾಗಕ್ಕಾಗಿ ಇಪ್ಪತ್ತು ಸಾವಿರ! ಹೀಗಾಗಿ ಚಿಕ್ಕದನ್ನು ಕೊಂಡು, ಬೇಕಾದುದನ್ನು ಹೊರಗಿನಿಂದ ಕೂಡಿಸಿಕೊಳ್ಳುವುದು ರೂಢಿಗೆ ಬಂತು. ಈ ಸೀಮೆಗೆ ಅದು ಹೊಸ ಬುದ್ಧಿಯಲ್ಲ. ಜಮಖಂಡಿ ತಾಲೂಕಿನ ಚಿಕ್ಕಪಡಸಲಗಿಯಲ್ಲಿ ರೈತರೇ ಹಣ ಕೂಡಿಸಿ, ಮೈಮುರಿದು ದುಡಿದು 1989ರಲ್ಲಿ ಕೃಷ್ಣೆಗೆ ಬ್ಯಾರೇಜು ಕಟ್ಟಿ ನೀರು ನಿಲ್ಲಿಸಿಕೊಂಡಿದ್ದರು.

ಈ ಮನೆಗೆ ಜಾಗ ಬೇಕಾದದ್ದು ಆಟಕ್ಕಲ್ಲ, ಸಿನಿಮಾಕ್ಕೂ ಅಲ್ಲ. ಮಗಳು ಕೈಗೆತ್ತಿಕೊಂಡ ಕೆಲಸ ಮೂರು ಗಂಟುಗಳದ್ದು. ಒಂದು, ಮುತ್ಯಾ ತನ್ನ ಕೈಯಿಂದ ಚೌಕಳಿ ಹಾಳೆಯ ಮೇಲೆ ಬಿಡಿಸಿಟ್ಟ ಸೀರೆಯ ಅಂಚು ಮತ್ತು ಸೆರಗಿನ ನಕ್ಷೆಗಳು. ಅವುಗಳಲ್ಲಿ ಎಷ್ಟೋ ಹಾಳೆಗಳ ಅಂಚನ್ನು ಗೆದ್ದಲು ತಿಂದಿತ್ತು. ಎರಡನೆಯದು, ಅವ್ವನ ತವರಿನ ಫೋಟೋಗಳು. ಬೀಳಗಿ ತಾಲೂಕಿನ ಆ ಊರು ಆಲಮಟ್ಟಿಯ ಹಿನ್ನೀರಿನಲ್ಲಿ ಮುಳುಗಿತು. ಸೋದರಮಾವ ಹಳೆಯ ಮನೆಯ ಬಾಗಿಲ ಚೌಕಟ್ಟನ್ನು ಟ್ರ್ಯಾಕ್ಟರಿನಲ್ಲಿ ಹೇರಿಕೊಂಡು ಬಂದು ಪುನರ್ವಸತಿ ಕೇಂದ್ರದ ಹೊಸ ಮನೆಗೆ ಕೂಡಿಸಿದ್ದ. ಊರಿನ ಉಳಿದುದನ್ನು ನೋಡಬೇಕೆಂದರೆ ಫೋಟೋಗಳೇ ಗತಿ. ಮೂರನೆಯದು, ಮುಧೋಳದ ಕಡೆಯ ಹೊಳೆದಂಡೆಯ ಹಳ್ಳಿಗೆ ಕೊಟ್ಟ ಅತ್ತೆಯ ಆಲ್ಬಮ್ಮು. 2019ರ ಆಗಸ್ಟಿನಲ್ಲಿ ಘಟಪ್ರಭೆ ಉಕ್ಕಿ ಮನೆಗೆ ನುಗ್ಗಿದಾಗ ಅದು ಮೂರು ದಿನ ನೀರಿನಲ್ಲಿತ್ತು. ಒಂದಕ್ಕೊಂದು ಅಂಟಿದ ಫೋಟೋಗಳನ್ನು ಮೆಲ್ಲಗೆ ಬಿಡಿಸಿ ಒಣಗಿಸಿದ್ದರೂ ಬಣ್ಣ ಹೊಪ್ಪಳಿಕೆಯಾಗಿ ಉದುರುತ್ತಿತ್ತು.

ಮಗಳು ಲೆಕ್ಕ ಹಾಕಿದಳು. ಒಂದು ಎ4 ಹಾಳೆಯನ್ನು 600 ಡಿಪಿಐ ಸ್ಪಷ್ಟತೆಯಲ್ಲಿ ಬಣ್ಣ ಸಹಿತ, ಕುಗ್ಗಿಸದೆ ಇಟ್ಟರೆ ಸುಮಾರು 100 ಎಂಬಿ. ಹತ್ತು ಹಾಳೆಗೆ ಒಂದು ಜಿಬಿ. ಪೆಟ್ಟಿಗೆಯೊಳಗಿನ 256 ಜಿಬಿಯಲ್ಲಿ ಕಂಪ್ಯೂಟರಿನ ಸ್ವಂತ ಸಂಸಾರಕ್ಕೇ ಒಂದು ಪಾಲು ಹೋಗುತ್ತದೆ. ಉಳಿದದ್ದರಲ್ಲಿ ಕಾಲೇಜಿನ ಕೆಲಸವೂ ಆಗಬೇಕು. ಅಂತೂ ಜಾಗ ಸಾಲದು.

ಮರುದಿನ ಅಪ್ಪ, ಮಗಳು ಇಬ್ಬರೂ ಜಮಖಂಡಿಯ ಬಸ್ಸು ಹತ್ತಿದರು. ಅಂಗಡಿಯ ಹುಡುಗ, "ಕಾಕಾರ, ಇದೊಂದು ಹಬ್ ತಗೊಳ್ರಿ, ಎಲ್ಲಾ ಕೂಡತಾವ" ಎಂದು ಬೆರಳಗಲದ ಒಂದು ಸಾಧನ ಕೊಟ್ಟ. ಅದರ ಒಂದು ತುದಿ ಕಂಪ್ಯೂಟರಿಗೆ, ಇನ್ನೊಂದು ಬದಿಯಲ್ಲಿ ನಾಲ್ಕು ಅಗಲ ಕಿಂಡಿಗಳು. ಮನೆಗೆ ಬಂದು ಜೋಡಿಸಿದರೆ ಎಲ್ಲವೂ ಕೂತವು. ಆದರೆ ಸ್ಕ್ಯಾನರ್ ನಡೆಯುತ್ತಿರುವಾಗ ಹಳೆಯ ಹಾರ್ಡ್ ಡಿಸ್ಕನ್ನು ಸಿಕ್ಕಿಸಿದಾಗ ಅದು ಟಿಕ್ ಟಿಕ್ ಎಂದು ಎರಡು ಸಲ ಕೆಮ್ಮಿ ಕಣ್ಣು ಮುಚ್ಚಿತು.

ತಪ್ಪು ಡಿಸ್ಕಿನದಲ್ಲ. ಇಂಥ ಹಬ್ ತಾನು ಉಣ್ಣುವುದನ್ನೂ, ಇತರರಿಗೆ ಬಡಿಸುವುದನ್ನೂ ಕಂಪ್ಯೂಟರಿನ ಒಂದೇ ಕಿಂಡಿಯಿಂದ ಪಡೆಯುತ್ತದೆ. ಅಗಲ ಮೂತಿಯ ಯುಎಸ್‌ಬಿ 3 ಕಿಂಡಿಯೊಂದು ಐದು ವೋಲ್ಟಿನಲ್ಲಿ 900 ಮಿಲಿಆಂಪಿಯರ್ ಕೊಡಬೇಕೆಂಬುದು ನಿಯಮ. ತಿರುಗುವ ಹಾರ್ಡ್ ಡಿಸ್ಕಿಗೆ ಏಳುವ ಹೊತ್ತಿನಲ್ಲಿ ಹೆಚ್ಚುಕಡಿಮೆ ಅಷ್ಟೂ ಬೇಕಾಗಬಹುದು. ನಾಲ್ವರು ಒಂದೇ ತಾಟಿಗೆ ಕೈ ಹಾಕಿದರೆ ಹಸಿದವನು ಎದ್ದು ಹೋಗುತ್ತಾನೆ. ಕೀಲಿಮಣೆ, ಮೌಸು, ಪೆನ್ ಡ್ರೈವುಗಳಷ್ಟೇ ಇದ್ದವರಿಗೆ ಅಗ್ಗದ ಹಬ್ ಧಾರಾಳವಾಗಿ ಸಾಕು. ಡಿಸ್ಕುಗಳನ್ನು ನಡೆಸಬೇಕೆಂದರೆ ಸ್ವಂತ ವಿದ್ಯುತ್ ಅಡಾಪ್ಟರ್ ಇರುವ ಡಾಕ್ ಬೇಕು.

"ಡಾಕ ಅಂದ್ರ ಅಂಚೀನ?" ಎಂದು ಅಪ್ಪ ಕೇಳಿದ.

"ಅಂಚಿ ಅಲ್ಲಪ್ಪಾ. ಹಡಗ ಬಂದು ನಿಲ್ಲೂ ಕಟ್ಟಿ ಇರತೈತಲ್ಲ, ಅದು."

ಹೆಸರು ಸರಿಯಾಗಿಯೇ ಇದೆ. ಹಡಗು ಕಟ್ಟೆಗೆ ಬಂದು ತಾಗಿದರೆ ಸರಕು ಇಳಿಸಲು, ಏರಿಸಲು ಎಲ್ಲ ಅನುಕೂಲವೂ ಅಲ್ಲೇ ಇರುವಂತೆ, ಕಂಪ್ಯೂಟರಿನ ಒಂದು ತಂತಿ ಡಾಕಿಗೆ ತಾಗಿದರೆ ಅಗಲ ಕಿಂಡಿ, ಸಣ್ಣ ಕಿಂಡಿ, ಕ್ಯಾಮೆರಾ ಕಾರ್ಡಿನ ಸೀಳು, ಇಂಟರ್ನೆಟ್ ತಂತಿ ಎಲ್ಲಕ್ಕೂ ಸ್ಥಳ ಸಿಗುತ್ತದೆ. ಕೆಲವು ಡಾಕುಗಳ ಹೊಟ್ಟೆಯಲ್ಲಿ ಎಂ.2 ಎಂಬ ಗಾಡಿಯೂ ಇರುತ್ತದೆ. 22 ಮಿಲಿಮೀಟರ್ ಅಗಲ, 80 ಮಿಲಿಮೀಟರ್ ಉದ್ದದ ತೆಳುವಾದ ಎಸ್‌ಎಸ್‌ಡಿ ಪಟ್ಟಿಯನ್ನು ಅದರಲ್ಲಿ ಕೂಡಿಸಿ ಒಂದು ತಿರುಪು ಬಿಗಿದರೆ ಸಂಗ್ರಹ ಬೆಳೆಯಿತು. ನೋಡಲು ಒಂದೇ ತರಹ ಇದ್ದರೂ ಈ ಪಟ್ಟಿಗಳಲ್ಲಿ ಎನ್‌ವಿಎಂಇ, ಸಾಟಾ ಎಂದು ಎರಡು ಜಾತಿಗಳುಂಟು. ಡಾಕು ಯಾವುದನ್ನು ಒಪ್ಪುತ್ತದೆಂದು ಕೇಳಿಯೇ ಕೊಳ್ಳಬೇಕು. ಅದಕ್ಕೂ ಮೊದಲು ಮಾಡಬೇಕಾದ ಕೆಲಸವೊಂದಿದೆ. ಚಿಕ್ಕ ಕಂಪ್ಯೂಟರುಗಳಲ್ಲಿ ಕೆಲವನ್ನು ನಾಲ್ಕು ತಿರುಪು ಬಿಚ್ಚಿದರೆ ಒಳಗೇ ಇನ್ನೊಂದು ಎಸ್‌ಎಸ್‌ಡಿಗೆ ಖಾಲಿ ಜಾಗ ಸಿಗುತ್ತದೆ. ಹಾಗಿದ್ದರೆ ಸಂಗ್ರಹಕ್ಕಾಗಿ ಡಾಕಿನ ಹಂಗೇ ಬೇಡ. ಈ ಮನೆಯ ಪೆಟ್ಟಿಗೆ ಬಿಚ್ಚುವ ಜಾತಿಯದಾಗಿರಲಿಲ್ಲ.

ಡಾಕು ಬಂತು. ಅದರಲ್ಲಿ ಒಂದು ಟಿಬಿಯ ಎಸ್‌ಎಸ್‌ಡಿ ಕೂತಿತು. ಆದರೂ ಕೆಲಸ ಆಮೆಯ ನಡಿಗೆ. ನೂರು ಜಿಬಿ ಸಾಗಿಸಲು ಮುಕ್ಕಾಲು ತಾಸಿನ ಮೇಲಾಯಿತು. ಎರಡು ದಿನ ತಲೆ ಕೆಡಿಸಿಕೊಂಡ ಮೇಲೆ ಮಗಳಿಗೆ ಕಾರಣ ಹೊಳೆಯಿತು. ಡಾಕಿನೊಡನೆ ಬಂದ ತಂತಿ ಗಿಡ್ಡವೆಂದು ಅವಳು ಮೊಬೈಲ್ ಚಾರ್ಜರಿನ ಉದ್ದ ತಂತಿಯನ್ನು ಹಾಕಿದ್ದಳು. ಮೂತಿ ಒಂದೇ, ಗುಣ ಬೇರೆ. ಚಾರ್ಜರಿನ ತಂತಿಗಳಲ್ಲಿ ಹೆಚ್ಚಿನವು ಸೆಕೆಂಡಿಗೆ 480 ಮೆಗಾಬಿಟ್ ಮಾತ್ರ ಸಾಗಿಸುವ ಹಳೆಯ ಯುಎಸ್‌ಬಿ 2ರವು. ಸರಿಯಾದ ತಂತಿ 10 ಗಿಗಾಬಿಟ್ ಸಾಗಿಸುತ್ತದೆ, ಅಂದರೆ ಇಪ್ಪತ್ತು ಪಟ್ಟು. ಥಂಡರ್‌ಬೋಲ್ಟ್ 4 ಆದರೆ 40 ಗಿಗಾಬಿಟ್.

ಕಾಲುವೆಯ ಕೆಳಗೆ ಹೊಲವಿದ್ದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಘಟಪ್ರಭಾ ಕಾಲುವೆಯಲ್ಲಿ ಎಷ್ಟು ನೀರು ಬಿಟ್ಟಿದ್ದಾರೋ ಅಷ್ಟರಲ್ಲೇ ಎಲ್ಲ ತೂಬುಗಳಿಗೂ ಪಾಲು. ಮೇಲಿನವರು ಒಟ್ಟಿಗೆ ತೂಬು ತೆರೆದರೆ ತುದಿಯ ಹೊಲಕ್ಕೆ ತೇವವೂ ತಲುಪದು. ಡಾಕಿಗೆ ಹತ್ತು ಕಿಂಡಿಗಳಿದ್ದರೂ ಕಂಪ್ಯೂಟರಿಗೆ ಹೋಗುವ ತಂತಿ ಒಂದೇ. ಹತ್ತೂ ಕಿಂಡಿಗಳು ಅದರ ಹರಿವನ್ನೇ ಹಂಚಿಕೊಳ್ಳುತ್ತವೆ. ಕಿಂಡಿಗಳ ಸಂಖ್ಯೆ ನೋಡಿ ಮರುಳಾಗುವ ಬದಲು ಆ ಒಂದು ತಂತಿ ಎಷ್ಟು ಸಾಗಿಸುತ್ತದೆಂದು ಕೇಳುವುದು ಜಾಣತನ. ಇನ್ನೊಂದು ಮಾತು. ತಂತಿ ಎಷ್ಟೇ ಚುರುಕಾಗಿರಲಿ, ತಿರುಗುವ ಹಳೆಯ ಹಾರ್ಡ್ ಡಿಸ್ಕಿನ ಓಟ ಸೆಕೆಂಡಿಗೆ ನೂರು ಎಂಬಿಯ ಆಸುಪಾಸಿನಲ್ಲೇ ಇರುತ್ತದೆ. ಮುದಿ ಎತ್ತನ್ನು ಡಾಂಬರು ರಸ್ತೆಗೆ ಬಿಟ್ಟರೆ ಕುದುರೆಯಾಗದು.

ಎಲ್ಲ ಜೋಡಣೆಯಾದ ಸಂಜೆ ಅಪ್ಪ ಕೈ ಒರೆಸಿಕೊಂಡು ಬಂದು ಮೇಜಿನ ಮುಂದೆ ನಿಂತ. ಬಹಳ ಹೊತ್ತು ನೋಡಿ, "ಅಂದ್ರ ಇದು ಜಾಕಾರ್ಡ್ ಇದ್ದಂಗ ಆತು. ಮಗ್ಗ ಅದ. ಮ್ಯಾಲೆ ಒಂದ ಯಂತ್ರಾ ಕೂಡಿಸಿದ್ರ ಬರಲಾರದ ಅಂಚು ಬರ್ತೈತಿ" ಎಂದ.

ಅವನು ತನಗೆ ತಿಳಿಯದೆಯೇ ಇತಿಹಾಸವನ್ನು ಮುಟ್ಟಿದ್ದ. ಫ್ರಾನ್ಸಿನ ಲಿಯೋನ್ ನಗರದ ಜೋಸೆಫ್ ಮರೀ ಜಾಕಾರ್ಡ್ 1804ರಲ್ಲಿ ರೂಪಿಸಿದ ಆ ಯಂತ್ರದಲ್ಲಿ, ರಟ್ಟಿನ ಕಾರ್ಡಿನಲ್ಲಿ ತೂತು ಇದ್ದಲ್ಲಿ ಹಾಸಿನ ಎಳೆ ಮೇಲೇಳುತ್ತದೆ, ಇಲ್ಲದಲ್ಲಿ ಕೆಳಗೇ ಉಳಿಯುತ್ತದೆ. ಅಷ್ಟರಿಂದಲೇ ಹೂವು, ನವಿಲು, ತೇರು ಎಲ್ಲ ಮೂಡುತ್ತವೆ. ಇಂಗ್ಲೆಂಡಿನ ಚಾರ್ಲ್ಸ್ ಬ್ಯಾಬೇಜ್ 1830ರ ದಶಕದಲ್ಲಿ ತಾನು ಕಲ್ಪಿಸಿದ ಲೆಕ್ಕದ ಯಂತ್ರಕ್ಕೆ ಇದೇ ಕಾರ್ಡುಗಳನ್ನು ಆರಿಸಿಕೊಂಡ. ಅಮೆರಿಕದ 1890ರ ಜನಗಣತಿಯ ಎಣಿಕೆಯೂ ತೂತಿನ ಕಾರ್ಡುಗಳಿಂದ ನಡೆಯಿತು. ಕಂಪ್ಯೂಟರಿನ ಮುತ್ಯಾ ಬನಹಟ್ಟಿಯ ಮಗ್ಗದ ಮೇಲೆಯೇ ಕೂತಿದ್ದಾನೆ.

ಏಪ್ರಿಲ್ ಕಳೆದು ಬಿಸಿಲು ಏರಿತು. ಮಗಳು ಸ್ಕ್ಯಾನ್ ಮಾಡಿದ್ದನ್ನೆಲ್ಲ ಪೆಟ್ಟಿಗೆಯಿಂದ ಡಾಕಿನ ಎಸ್‌ಎಸ್‌ಡಿಗೆ ಸಾಗಿಸತೊಡಗಿದಳು. ನಕಲು ಮಾಡಲಿಲ್ಲ, ಸಾಗಿಸಿದಳು. ಇಲ್ಲಿ ಕತ್ತರಿಸಿ ಅಲ್ಲಿ ಅಂಟಿಸಿದರೆ ಪೆಟ್ಟಿಗೆಯಲ್ಲಿ ಜಾಗ ತೆರವಾಗುತ್ತದಲ್ಲ! ಮುತ್ಯಾನ ನಕ್ಷೆಗಳು ಹೋದವು. ಬೀಳಗಿಯ ಫೋಟೋಗಳು ಹೋದವು. ಮುಧೋಳದ ಆಲ್ಬಮ್ಮು ಅರ್ಧ ಹೋಗಿರುವಾಗ ಕರೆಂಟ್ ಹೋಯಿತು.

ಮಗ್ಗಗಳು ನಿಂತವು. ಕಂಪ್ಯೂಟರ್ ನಿಲ್ಲಲಿಲ್ಲ, ಏಕೆಂದರೆ ಅದಕ್ಕೆ ಯುಪಿಎಸ್ ಇತ್ತು. ಆದರೆ ಡಾಕಿನ ಅಡಾಪ್ಟರು ಗೋಡೆಯ ಸಾದಾ ಬೋರ್ಡಿನಲ್ಲಿತ್ತು. ಹಡಗು ತೇಲುತ್ತಿತ್ತು, ಕಟ್ಟೆಯೇ ಮುಳುಗಿತು. ಕರೆಂಟ್ ಬಂದ ಮೇಲೆ ಪರದೆಯ ಮೇಲೆ ಬಂದ ಸಂದೇಶ ಒಂದೇ. ಈ ಡಿಸ್ಕನ್ನು ಓದಲಾಗುತ್ತಿಲ್ಲ, ಫಾರ್ಮ್ಯಾಟ್ ಮಾಡಲೇ?

ಮಗಳು ಒತ್ತಲಿಲ್ಲ. ಕೈ ನಡುಗುತ್ತಿತ್ತು. ಅಪ್ಪ ಬಂದು ಅವಳ ಮುಖ ನೋಡಿ ಕೇಳಿದ್ದು ಒಂದೇ ಮಾತು.

"ಇನ್ನೊಂದ ಜೋಡಿ ಇಟ್ಟಿಲ್ಲೇನ?"

ಅವಳಿಗೆ ಅರ್ಥವಾಗಲಿಲ್ಲ. ಅಪ್ಪ ಏಣಿ ಇಟ್ಟು ಅಟ್ಟ ಹತ್ತಿದ. ಹಗ್ಗದಿಂದ ಬಿಗಿದ ಕಾರ್ಡುಗಳ ಕಟ್ಟೊಂದನ್ನು ಇಳಿಸಿ ಅವಳ ಮುಂದಿಟ್ಟ. ಮಗ್ಗದ ಮೇಲೆ ಆಗ ನಡೆಯುತ್ತಿದ್ದ ಅಂಚಿನ ಕಾರ್ಡುಗಳೇ ಅವು. ತೂತಿಗೆ ತೂತು ಸರಿಯಾಗಿ ಹೊಡೆಸಿದ ಇನ್ನೊಂದು ಜೋಡಿ. "ನಡಿಯೂ ಪಟ್ಟಿ ಹರೀತೈತಿ, ಇಲಿ ಕಡೀತಾವ, ಎಣ್ಣಿ ಬೀಳತೈತಿ. ಚಲೋ ಅಂಚು ಇದ್ರ ನಮ್ಮಪ್ಪ ಎರಡ ಜೋಡಿ ಹೊಡಸೂದ ಬಿಡ್ತಿರಲಿಲ್ಲ. ಒಂದ ಮಗ್ಗಕ್ಕ, ಒಂದ ಅಟ್ಟಕ್ಕ."

ಮಗಳು ಕಾಲೇಜಿನಲ್ಲಿ ಬ್ಯಾಕಪ್ ಎಂಬ ಪಾಠಕ್ಕೆ ಅಂಕ ಪಡೆದವಳು. ಆ ಪಾಠ ಮನೆಯ ಅಟ್ಟದ ಮೇಲೆ ಅವಳು ಹುಟ್ಟುವ ಮೊದಲೇ ಇತ್ತು.

ಅಧ್ಯಾಪಕರೊಬ್ಬರು ಫೋನಿನಲ್ಲಿ ಧೈರ್ಯ ಹೇಳಿ ದಾರಿ ತೋರಿಸಿದರು. ಆ ಡಿಸ್ಕಿನ ಮೇಲೆ ಹೊಸದಾಗಿ ಏನನ್ನೂ ಬರೆಯಬಾರದು, ಸಿಕ್ಕದ್ದನ್ನೆಲ್ಲ ಬೇರೊಂದು ಡಿಸ್ಕಿಗೆ ಇಳಿಸಿಕೊಳ್ಳಬೇಕು. ಪೆಟ್ಟಿಗೆಯೊಳಗಿನಿಂದ ಅಳಿದುದನ್ನು ಹುಡುಕುವ ಆಸೆ ಇರಲಿಲ್ಲ. ಎಸ್‌ಎಸ್‌ಡಿ ತನ್ನಲ್ಲಿ ಅಳಿಸಿದ ಜಾಗವನ್ನು ಬೇಗನೆ ತಾನೇ ಚೊಕ್ಕ ಮಾಡಿಕೊಳ್ಳುತ್ತದೆ. ಎರಡು ರಾತ್ರಿ ಕೂತದ್ದಕ್ಕೆ ನಕ್ಷೆಗಳು ಬಹುಮಟ್ಟಿಗೆ ಬಂದವು. ಬೀಳಗಿಯ ಫೋಟೋಗಳ ಮೂಲಪ್ರತಿಗಳು ಸೋದರಮಾವನ ಬಳಿ ಇದ್ದವು, ಮತ್ತೆ ಸ್ಕ್ಯಾನ್ ಮಾಡಿದರಾಯಿತು. ಮುಧೋಳದ ಆಲ್ಬಮ್ಮಿನಲ್ಲಿ ಹನ್ನೊಂದು ಚಿತ್ರಗಳು ತೆರೆಯಲೇ ಇಲ್ಲ. ಕಾಗದದ ಪ್ರತಿಗಳಲ್ಲಿ ಆ ಹೊತ್ತಿಗೆ ಮುಖಗಳು ಉಳಿದಿರಲಿಲ್ಲ. ಆ ಹನ್ನೊಂದರಲ್ಲಿ ಅತ್ತೆಯ ಗಂಡನದೂ ಒಂದು. ಹರೆಯದಲ್ಲಿ, ರುಮಾಲು ಸುತ್ತಿ, ಮುಧೋಳ ನಾಯಿಯನ್ನು ಹಗ್ಗದಲ್ಲಿ ಹಿಡಿದು ನಿಂತ ಚಿತ್ರ. ಅವನು ತೀರಿಹೋಗಿ ಆರು ವರ್ಷವಾಗಿತ್ತು. ಅವನದು ಅಂಥ ಇನ್ನೊಂದು ಫೋಟೋ ಇರಲಿಲ್ಲ.

ಅತ್ತೆಗೆ ಹೇಳಲು ಮಗಳೇ ಹೋದಳು. ಹೇಳದೆ ಉಳಿಯಬಹುದಿತ್ತು, ಉಳಿಯಲಿಲ್ಲ. ಅತ್ತೆ ಎಲ್ಲ ಕೇಳಿ, ಸೆರಗಿನ ಗಂಟು ಬಿಚ್ಚಿ ಮೊಬೈಲು ತೆಗೆದಳು. ಸ್ಕ್ಯಾನ್ ಮಾಡಿದ ದಿನ ಮಗಳೇ ಅದನ್ನು ವಾಟ್ಸಾಪಿನಲ್ಲಿ ಕಳಿಸಿ ಮರೆತಿದ್ದಳು. ಚಿತ್ರ ಇತ್ತು, ಆದರೆ ಕುಗ್ಗಿ ಇತ್ತು. ಮುಖ ಗುರುತು ಹತ್ತುತ್ತದೆ. ಹಿಗ್ಗಿಸಿದರೆ ರುಮಾಲಿನ ಮಡಿಕೆ, ನಾಯಿಯ ಕಣ್ಣು, ಹಿಂದಿನ ಗೋಡೆಯ ಬರಹ ಎಲ್ಲ ಕಲಸಿಹೋಗುತ್ತವೆ.

"ಮನಷ್ಯಾನ ಹ್ವಾದ ಮ್ಯಾಲೆ ಇಷ್ಟರ ಉಳದೈತಲ್ಲ ತಂಗಿ, ಸಾಕು" ಎಂದಳು ಅತ್ತೆ. ಅದು ಸಮಾಧಾನದ ಮಾತು. ಸಾಕಾಗಿರಲಿಲ್ಲವೆಂಬುದು ಇಬ್ಬರಿಗೂ ಗೊತ್ತಿತ್ತು.

ಈಗ ಆ ಮೇಜಿನ ಮೇಲೆ ಅದೇ ಪುಟ್ಟ ಪೆಟ್ಟಿಗೆ, ಅದೇ ಡಾಕು ಇವೆ. ಬದಲಾದದ್ದು ರೀತಿ. ಡಾಕಿನ ಅಡಾಪ್ಟರು ಯುಪಿಎಸ್‌ಗೆ ಬಂದಿದೆ. ಡಿಸ್ಕನ್ನು ಕಂಪ್ಯೂಟರಿಗೆ ಹೇಳಿಯೇ ಬಿಡಿಸಬೇಕು, ಸೀದಾ ಕೀಳಬಾರದೆಂಬ ಕಟ್ಟಳೆ ತಮ್ಮನಿಗೂ ಅನ್ವಯಿಸುತ್ತದೆ. ಬೇಸಿಗೆಯಲ್ಲಿ ಡಾಕಿನ ಮೇಲೆ ಪುಸ್ತಕ, ಬಟ್ಟೆ ಇಡುವಂತಿಲ್ಲ, ಎಸ್‌ಎಸ್‌ಡಿ ಬಿಸಿಯಾದರೆ ವೇಗ ತಗ್ಗಿಸುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ ಕತ್ತರಿಸಿ ಅಂಟಿಸುವ ಚಟ ಹೋಗಿದೆ. ಛಾಯಾಗ್ರಾಹಕರಲ್ಲಿ ಒಂದು ಸೂತ್ರವಿದೆ. ಪ್ರತಿಗಳು ಮೂರು, ಸಾಧನಗಳು ಎರಡು ಬಗೆ, ಒಂದು ಪ್ರತಿ ಬೇರೆ ಊರಲ್ಲಿ. ಅದರಂತೆ ಒಂದು ಪ್ರತಿ ಡಾಕಿನಲ್ಲಿದೆ. ಇನ್ನೊಂದು ತಿರುಗುವ ಅಗ್ಗದ ಹಾರ್ಡ್ ಡಿಸ್ಕಿನಲ್ಲಿ, ಅಟ್ಟದ ಮೇಲೆ, ಕಾರ್ಡುಗಳ ಕಟ್ಟಿನ ಪಕ್ಕದಲ್ಲಿದೆ. ನಿಧಾನವಾದರೇನು, ಅದು ಓಡಬೇಕಾದದ್ದಿಲ್ಲ, ಕಾಯ್ದರೆ ಸಾಕು. ಮೂರನೆಯದು ಬೀಳಗಿ ತಾಲೂಕಿನ ಸೋದರಮಾವನ ಮನೆಯ ಟ್ರಂಕಿನಲ್ಲಿದೆ. ಒಂದೂರು ಮುಳುಗಿದ್ದನ್ನು ಕಂಡವನಿಗೆ ಅದನ್ನು ಏಕೆ ಜೋಪಾನ ಮಾಡಬೇಕೆಂದು ವಿವರಿಸಬೇಕಾಗಲಿಲ್ಲ.

ಡಾಕು ಕೊಟ್ಟದ್ದು ಜಾಗ. ಜಾಗ ಬೇರೆ, ಭದ್ರತೆ ಬೇರೆ. ಮಕ್ಕಳಿಗೆ ಕಂಪ್ಯೂಟರ್ ಕೊಡಿಸುವ ಹಿರಿಯರು ಅಂಗಡಿಯಲ್ಲಿ ಎಷ್ಟು ಜಿಬಿ, ಎಷ್ಟು ಕಿಂಡಿ ಎಂದು ಕೇಳುತ್ತಾರೆ. ಎರಡನೆಯ ಪ್ರತಿ ಎಲ್ಲಿಡುವುದೆಂದು ಮಾತ್ರ ಯಾರೂ ಕೇಳುವುದಿಲ್ಲ.

ಈ ಮನೆಯಲ್ಲಿ ಅಮಾವಾಸ್ಯೆಯ ದಿನ ಮಗ್ಗಕ್ಕೆ ಬಿಡುವು. ಅಂದು ಅಪ್ಪ ಜಾಕಾರ್ಡಿನ ದೂಳು ಹೊಡೆದು, ಎಣ್ಣೆ ಬಿಟ್ಟು, ಕುಂಕುಮ ಹಚ್ಚುತ್ತಾನೆ. ಮಗಳು ಏಣಿ ಹತ್ತಿ ಡಿಸ್ಕು ಇಳಿಸಿಕೊಂಡು ಬರುತ್ತಾಳೆ. ಅವಳು ಓದಿನ ಗಡಿಬಿಡಿಯಲ್ಲಿ ಮರೆತರೆ ಮಗ್ಗದ ಕೋಣೆಯಿಂದಲೇ ದನಿ ಬರುತ್ತದೆ.

"ತಂಗೀ, ಇವತ್ತ ಅಮಾಸಿ. ಇನ್ನೊಂದ ಜೋಡಿ ಕಟ್ಟಿದ್ಯೇನ?"